‘ಅಡ್ಮೈರ್’ ಮತ್ತು ‘ಮೆಚ್ಚು’

ಇಂಗ್ಲಿಷಿನ ‘ಅಡ್ಮೈರ್’ ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ‘ಮೆಚ್ಚು’ ಎಂದು ಅರ್ಥ ಹೇಳುವುದು ರೂಢಿ. ಆದರೆ ‘ನಾನು ನನ್ನ ಗುರುಗಳನ್ನು ಮೆಚ್ಚುತ್ತೇನೆ’ ಎಂದು ವಿದ್ಯಾರ್ಥಿಯೊಬ್ಬನು ಅನುವಾದಿಸಿದರೆ ಕಿವಿ ಒಪ್ಪುವುದಿಲ್ಲ. ವ್ಯಾಕರಣದಲ್ಲಿ ದೋಷವಿಲ್ಲ, ದೋಷವಿರುವುದು ನೋಟದ ದಿಕ್ಕಿನಲ್ಲಿ.

‘ಅಡ್ಮೈರ್’ ಲ್ಯಾಟಿನ್ನಿನ ‘ಅಡ್‌ಮಿರಾರಿ’ಯಿಂದ ಬಂದುದು, ಬೆರಗುಗೊಳ್ಳುವುದೇ ಅದರ ಮೂಲಾರ್ಥ. ಷೇಕ್ಸ್‌ಪಿಯರನ ಕಾಲಕ್ಕೂ ಈ ಬೆರಗು ಮಾಸಿರಲಿಲ್ಲ. ‘ಹ್ಯಾಮ್ಲೆಟ್’ನಲ್ಲಿ ಪ್ರೇತದ ಸುದ್ದಿ ತಂದ ಹೊರೇಷಿಯೊ ರಾಜಕುಮಾರನಿಗೆ ತಡೆದುಕೊಳ್ಳೆಂದು ಹೇಳುವ ‘ಅಡ್ಮಿರೇಷನ್’ ಪ್ರಶಂಸೆಯಲ್ಲ, ಬರಿಯ ಅಚ್ಚರಿ. ‘ಟೆಂಪೆಸ್ಟ್’ನ ಮಿರಾಂಡಾಳ ಹೆಸರೂ ಅದೇ ಧಾತುವಿನದು. ಬರಬರುತ್ತ ಅಚ್ಚರಿ ಹಿಂದೆ ಸರಿದು ಗೌರವ ಮುಂದೆ ಬಂದಿತು. ಕಣ್ಣು ಮಾತ್ರ ಮೇಲ್ಮುಖವಾಗಿಯೇ ಉಳಿಯಿತು.

‘ಮೆಚ್ಚು’ ಬಹುಮಟ್ಟಿಗೆ ಮೇಲಿನಿಂದ ಕೆಳಕ್ಕೆ ಹರಿಯುವ ಮಾತು. ದೇವರು ಭಕ್ತನನ್ನು ಮೆಚ್ಚುತ್ತಾನೆ, ಅರಸನು ಕವಿಯನ್ನು. ಕ್ರಿ.ಶ. 949–50ರ ಆತಕೂರು ಶಾಸನದಲ್ಲಿ ಮಣಲೆರನ ಶೌರ್ಯಕ್ಕೆ ಮೆಚ್ಚಿದ ಒಡೆಯನು ಬೇಡಿದುದನ್ನು ಕೊಡಲು ಮುಂದಾಗುತ್ತಾನೆ. ವೀರನು ಬೇಡಿದುದು ಕಾಳಿ ಎಂಬ ನಾಯಿಯನ್ನು! ಮೆಚ್ಚಿದವನು ಕೊಡಬಲ್ಲವನು, ತೂಗಿನೋಡಬಲ್ಲವನು ಎಂಬ ಧ್ವನಿ ಇಂದಿಗೂ ಪೂರ್ತಿ ಅಳಿದಿಲ್ಲ. ಓದುಗರು ಕಾದಂಬರಿಯನ್ನು ಮೆಚ್ಚಿದರೆಂಬುದು ಸಹಜವಾಗಿ ಕೇಳಿಸುವುದೂ ಆ ಅಧಿಕಾರ ಅವರಿಗಿರುವುದರಿಂದಲೇ.

ಹಿರಿಯರ ವಿಷಯದಲ್ಲಿ ಕನ್ನಡವು ಕರ್ತೃವನ್ನೇ ಹಿಂದೆ ಸರಿಸುತ್ತದೆ: ‘ಗುರುಗಳಲ್ಲಿ ನನಗೆ ಬಹಳ ಅಭಿಮಾನ.’ ಇಲ್ಲಿ ‘ನಾನು’ ಇಲ್ಲ, ‘ನನಗೆ’ ಇದೆ. (ಸಂಸ್ಕೃತದಲ್ಲಿ ಅಹಂಕಾರವನ್ನೂ ಸೂಚಿಸುವ ಪದ ಕನ್ನಡದಲ್ಲಿ ಪ್ರೀತಿಗೆ ತಿರುಗಿರುವುದು ಸ್ವಾರಸ್ಯಕರ.) ಇನ್ನು ಬೆಟ್ಟದ ತುದಿಯಲ್ಲಿ ನಿಂತು ಸೂರ್ಯಾಸ್ತವನ್ನು ‘ಅಡ್ಮೈರ್’ ಮಾಡುವವನಿಗೆ ಇವೆರಡೂ ಬೇಡ, ಅವನು ಕಣ್ತುಂಬ ನೋಡುತ್ತಾನೆ, ಅಷ್ಟೆ.