ಬಾಲಿಗೆ ಹೊರಟಿದ್ದೀರಾ?

ಟಿಕೆಟ್ ಮಾಡಿಸುವ ಮೊದಲು ‘ನ್ಯೆಪಿ’ ಯಾವತ್ತು ಎಂದು ನೋಡಿಕೊಳ್ಳಿ. ಬಾಲಿಯ ಹಿಂದೂಗಳ ಹೊಸ ವರ್ಷವದು, ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುತ್ತದೆ. ನಮ್ಮ ಯುಗಾದಿಯಂತೆ ಅದೂ ಶಕ ವರ್ಷದ ಲೆಕ್ಕದ್ದೇ. ಆಚರಣೆ ಮಾತ್ರ ತದ್ವಿರುದ್ಧ: ಬೆಳಗ್ಗೆ ಆರರಿಂದ ಮರುದಿನ ಬೆಳಗ್ಗೆ ಆರರವರೆಗೆ ದೀಪವಿಲ್ಲ, ದುಡಿಮೆಯಿಲ್ಲ, ಓಡಾಟವಿಲ್ಲ, ಮೋಜಿಲ್ಲ. ವಿಮಾನ ನಿಲ್ದಾಣವೂ ಬಂದ್. ಪ್ರವಾಸಿಗರಿಗೂ ವಿನಾಯಿತಿ ಇಲ್ಲ. ಹೋಟೆಲಿನ ಗೇಟು ದಾಟಿದರೆ ಊರ ಕಾವಲಿನವರು ಬಂದು ಒಳಗೆ ಕಳಿಸುತ್ತಾರೆ.

ದುಡ್ಡು ಕೊಟ್ಟು ಬಂದು ಒಂದು ದಿನ ದಂಡವಾಯಿತಲ್ಲ ಎಂದು ಗೊಣಗುವವರಿದ್ದಾರೆ. ನನ್ನ ಕೇಳಿದರೆ, ಆ ದಿನ ನೋಡಿಯೇ ಹೋಗಬೇಕು. ಹಿಂದಿನ ಸಂಜೆ ಹುಡುಗರು ವಾರಗಟ್ಟಲೆ ಕೂತು ಕಟ್ಟಿದ ‘ಓಗೊ ಓಗೊ’ ಎಂಬ ರಾಕ್ಷಸ ಬೊಂಬೆಗಳು ಬೀದಿಗಿಳಿಯುತ್ತವೆ. ಇದರ ಹಿಂದಿರುವುದು ‘ಬಂಜಾರ್’, ಅಂದರೆ ಕೇರಿಯ ಕೂಟ. ಮದುವೆ, ಸಾವು, ಗುಡಿಯ ಕೆಲಸ, ಎಲ್ಲಕ್ಕೂ ಹೆಗಲು ಕೊಡುವುದು ಅದೇ. ಕೇರಿಯಲ್ಲಿ ನಡೆಯುವಾಗ ಕಾಲಡಿ ನೋಡಿಕೊಳ್ಳಿ: ಹೊಸ್ತಿಲ ಮುಂದೆ, ಕೆಲವೊಮ್ಮೆ ನಡುದಾರಿಯಲ್ಲೇ, ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಪೂಜೆಯ ಹೂವಿಟ್ಟಿರುತ್ತಾರೆ. ತುಳಿಯಬೇಡಿ.

ಬೆಟ್ಟ ಹತ್ತುವ ಆಸೆಯಿದ್ದರೆ 1,717 ಮೀಟರಿನ ಬಾತೂರ್ ಜ್ವಾಲಾಮುಖಿ ಸಾಕು. ಸೂರ್ಯೋದಯ ಕಾಣಲು ಕತ್ತಲಲ್ಲೇ ಹೊರಡಬೇಕು. ಟಾರ್ಚು, ಸ್ವೆಟರು, ಹಿಡಿತವಿರುವ ಬೂಟು ಇರಲಿ. ಸಡಿಲ ಲಾವಾ ಪುಡಿಯ ಮೇಲೆ ಹತ್ತುವುದಕ್ಕಿಂತ ಇಳಿಯುವಾಗಲೇ ಕಾಲು ಜಾರುವುದು. ಸ್ಥಳೀಯ ಗೈಡ್‌ನ ಜೊತೆಗೇ ಹೋಗಿ.

ಅಗುಂಗ್ ಬೇರೆಯೇ ಮಾತು. ಎತ್ತರ ಮೂರು ಸಾವಿರ ಮೀಟರ್ ದಾಟುತ್ತದೆ. 1963ರಲ್ಲಿ ಅದು ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು; 2017ರಲ್ಲಿ ಮತ್ತೆ ಬೂದಿ ಉಗುಳಿತು. ಬಾಲಿಯವರಿಗೆ ಅದು ದೇವರ ಬೆಟ್ಟವೂ ಹೌದು. ಪೂಜೆಗಾಗಲಿ, ಎಚ್ಚರಿಕೆಗಾಗಲಿ ದಾರಿ ಮುಚ್ಚಿದ್ದಾರೆಂದರೆ, ವಾದ ಮಾಡದೆ ಹಿಂದಿರುಗಿ.