ಟೆಂಪ್ಲೇಟಿಗೆ ಕೈ ಹಾಕುವ ಮುನ್ನ

ಅಂಬತ್ತೂರಿನ ಗೆಳೆಯರೇ,

ನಿಮ್ಮಲ್ಲಿನ ಕೈಗಾರಿಕಾ ಎಸ್ಟೇಟಿನ ವರ್ಕ್‌ಶಾಪುಗಳು ಕಳಿಸುವ ಡ್ರಾಯಿಂಗ್ ಫೈಲುಗಳು ಅಪ್‌ಲೋಡ್ ಆಗದೆ 413 (ಫೈಲು ತೀರಾ ದೊಡ್ಡದು) ಎಂಬ ದೋಷ ತೋರಿಸುತ್ತಿವೆ, ಟೀಮಿನ ಹಿರಿಯರು ಕುಬರ್ನೆಟೀಸ್‌ನ ಇಂಗ್ರೆಸ್-ಎಂಜಿನ್‌ಎಕ್ಸ್ ಕಂಟ್ರೋಲರಿನ ಟೆಂಪ್ಲೇಟನ್ನೇ ತಿದ್ದು ಅನ್ನುತ್ತಿದ್ದಾರೆ, ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ಇದು ನಿಮ್ಮ ಕೋಡಿನ ತಪ್ಪಲ್ಲ, ಮೊದಲು ನೆಮ್ಮದಿಯಾಗಿರಿ.

ಇಂಗ್ರೆಸ್-ಎಂಜಿನ್‌ಎಕ್ಸ್‌ಗೆ ನೀವು ಏನೂ ಹೇಳದಿದ್ದರೆ 1 ಎಂಬಿಗಿಂತ ದೊಡ್ಡದನ್ನು ಅದು ಬಾಗಿಲಲ್ಲೇ ತಡೆಯುತ್ತದೆ. ಅಪ್‌ಲೋಡ್ ಬರುವ ಆ ಒಂದು ಇಂಗ್ರೆಸ್‌ಗೆ ಮಾತ್ರ ಪ್ರಾಕ್ಸಿ-ಬಾಡಿ-ಸೈಜ್ ಅನೊಟೇಶನ್ ಹಾಕಿ, 50ಎಂ ಎಂದು ಬರೆಯಿರಿ. ಆಮೇಲೆ 504 (ಗೇಟ್‌ವೇ ಟೈಮ್‌ಔಟ್) ಬಂದರೆ ಪ್ರಾಕ್ಸಿ-ರೀಡ್-ಟೈಮ್‌ಔಟ್ ನೋಡಿ. ನೀವು ಬದಲಿಸದಿದ್ದರೆ ಅದು 60 ಸೆಕೆಂಡಿಗೆ ನಿಂತಿರುತ್ತದೆ. ಎಲ್ಲ ಸೇವೆಗಳಿಗೂ ಬೇಕಾದದ್ದಷ್ಟೇ ಕಂಟ್ರೋಲರಿನ ಕಾನ್ಫಿಗ್‌ಮ್ಯಾಪಿಗೆ ಹೋಗಲಿ.

ಟೆಂಪ್ಲೇಟ್ ತಿದ್ದಿದರೆ ಪ್ರತಿ ಹೊಸ ಆವೃತ್ತಿ ಬಂದಾಗಲೂ ನಿಮ್ಮ ತಿದ್ದುಪಡಿಯನ್ನು ಸಾಲುಸಾಲಾಗಿ ಹೊಂದಿಸಬೇಕು. ಆ ಕೆಲಸ ನಿಮ್ಮ ತಲೆಗೇ ಬರುತ್ತದೆ. ಎಂಜಿನ್‌ಎಕ್ಸ್ ಸಂರಚನೆಯ ಸಾಲುಗಳನ್ನು ನೇರವಾಗಿ ತೂರಿಸುವ ಸ್ನಿಪೆಟ್ ಅನೊಟೇಶನ್ನಿನ ಆಸೆಯೂ ಬೇಡ. ಕಂಟ್ರೋಲರ್ ಸಾಮಾನ್ಯವಾಗಿ ಇಡೀ ಕ್ಲಸ್ಟರಿನ ಸೀಕ್ರೆಟ್‌ಗಳನ್ನು ಓದಬಲ್ಲದು. ಒಳಗೆ ತೂರಿಸಿದ ನಾಲ್ಕು ಸಾಲು ಅವನ್ನೆಲ್ಲ ಹೊರಗೆ ಸುರಿಯಬಹುದು. 1.9ನೇ ಆವೃತ್ತಿಯಿಂದ ಸ್ನಿಪೆಟ್ ಅನೊಟೇಶನ್ನನ್ನು ಡೀಫಾಲ್ಟ್ ಆಗಿ ಆಫ್ ಮಾಡಿಟ್ಟಿರುವುದು ಇದಕ್ಕೇ.

ಇನ್ನೊಂದು ಮಾತು, ಇದನ್ನು ಹಿರಿಯರಿಗೆ ಖಂಡಿತ ಹೇಳಿ. 2025ರ ನವೆಂಬರಿನಲ್ಲಿ ಕುಬರ್ನೆಟೀಸ್ ಬಳಗ ಈ ಕಂಟ್ರೋಲರನ್ನು ನಿವೃತ್ತಿಗೊಳಿಸುವುದಾಗಿ ಘೋಷಿಸಿತು. ನಿರ್ವಹಣೆಗೆ ಕೊಟ್ಟ ಗಡುವು 2026ರ ಮಾರ್ಚ್. ಆಮೇಲೆ ಭದ್ರತಾ ತೇಪೆಯೂ ಇಲ್ಲ. ಹೊಸ ಶ್ರಮವೇನಿದ್ದರೂ ಗೇಟ್‌ವೇ ಎಪಿಐ ಕಡೆಗೆ ಹಾಕಿ.

ಹಿರಿಯರ ಎದುರು ವಾದಿಸಲು ಹೋಗಬೇಡಿ. ಟೆಸ್ಟ್ ಕ್ಲಸ್ಟರಿನಲ್ಲಿ ಪ್ರಾಕ್ಸಿ-ಬಾಡಿ-ಸೈಜ್‌ನ ಆ ಒಂದು ಸಾಲು ಸೇರಿಸಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು 20 ಎಂಬಿಯ ಡ್ರಾಯಿಂಗ್ ಕಳಿಸಿ ತೋರಿಸಿ.