ನಮ್ಮ ಮನೆಯ ಕಸವು ಯಾರ ಬಾಗಿಲಿಗೆ ಹೋಗುತ್ತದೆ?



ಬೆಳಗಾಗುತ್ತಲೇ ಮನೆಯನ್ನು ಗುಡಿಸಿ, ಅಂಗಳಕ್ಕೆ ನೀರು ಹಾಕಿ, ಕಸವನ್ನು ಹೊರಗೆ ಚೆಲ್ಲುವ ವಾಡಿಕೆಯು ನಮಗೆ ಹಿರಿಯರಿಂದ ಬಂದದ್ದಾಗಿದೆ. ಒಳಗೆ ಶುದ್ಧವಾಯಿತೆಂದು ಮನಸ್ಸಿಗೆ ಸಮಾಧಾನವೂ ಉಂಟಾಗುತ್ತದೆ. ಆದರೆ ಹೊರಗೆ ಚೆಲ್ಲಿದ್ದು ಎಲ್ಲಿಗೆ ಹೋಯಿತು? ಅದನ್ನು ಮುಟ್ಟಿದವರು ಯಾರು? ಅದರ ರಸವು ಯಾರ ಬಾವಿಗೆ ಇಳಿಯಿತು? ಇವುಗಳನ್ನು ಈ ತಿಂಗಳಿನ ಪಾಠದಲ್ಲಿ ವಿಚಾರಿಸೋಣ. ಬೆಂಗಳೂರು ಪಟ್ಟಣದ ದಕ್ಷಿಣ ಭಾಗದಲ್ಲಿರುವ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಎಂಬ ಬಡಾವಣೆಗಳನ್ನು ದೃಷ್ಟಾಂತವಾಗಿ ತೆಗೆದುಕೊಳ್ಳುತ್ತೇವೆ. "ಪಟ್ಟಣದ ಸಂಗತಿಯು ಹಳ್ಳಿಯವರಾದ ನಮಗೇಕೆ?" ಎಂದು ಹೇಳಿ ಯಾರೂ ಪುಟವನ್ನು ಮಗುಚಬಾರದು, ಯಾಕಂದರೆ ಈ ವೃತ್ತಾಂತದಲ್ಲಿ ಹೆಚ್ಚು ಬಾಧೆಪಟ್ಟವರು ಹಳ್ಳಿಯವರೇ.

೧. ಹಿಂದಿನ ತಿಪ್ಪೆಯೂ ಈಗಿನ ತಿಪ್ಪೆಯೂ

ಬಿ.ಟಿ.ಎಂ. ಎಂಬ ಮೂರು ಅಕ್ಷರಗಳ ಅರ್ಥವೇನು? ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರುಗಳೇ ಹಾಗೆ ಸಂಕ್ಷೇಪವಾಗಿವೆ. ಜಯನಗರಕ್ಕೆ ೧೯೪೮ ನೆಯ ಇಸವಿಯಲ್ಲಿ ಅಸ್ತಿವಾರವನ್ನು ಹಾಕಿದರು. ಅದಕ್ಕಿಂತ ಮುಂಚೆ ಆ ಸೀಮೆಯಲ್ಲಿಯೂ ನಮ್ಮ ಊರುಗಳಲ್ಲಿ ಇರುವ ಹಾಗೆಯೇ ಕೆರೆ, ಗದ್ದೆ, ತೋಟಗಳಿದ್ದವು. ಹಳ್ಳಿಯ ಮನೆಯಲ್ಲಿ ಬಿಸಾಡತಕ್ಕದ್ದು ಬಹಳ ಸ್ವಲ್ಪವೇ. ಕಲಗಚ್ಚು ಹಸುವಿಗೆ, ಸಿಪ್ಪೆಯೂ ಸೆಗಣಿಯೂ ಬೂದಿಯೂ ತಿಪ್ಪೆಗೆ, ತಿಪ್ಪೆಯು ಹೊಲಕ್ಕೆ. ಹೀಗೆ ಭೂಮಿಯಿಂದ ಬಂದದ್ದು ತಿರಿಗಿ ಭೂಮಿಗೆ ಸೇರುತ್ತಿತ್ತು.

ಈಗಲಾದರೋ ಪಟ್ಟಣದ ಕಸದಲ್ಲಿ ಅನ್ನವೂ ಪ್ಲಾಸ್ಟಿಕ್ಕೂ ಒಡೆದ ಗಾಜೂ ಔಷಧಗಳೂ ಬ್ಯಾಟರಿಗಳೂ ಮಕ್ಕಳ ಡಯಾಪರುಗಳೂ ಒಂದೇ ಚೀಲದಲ್ಲಿ ಕಟ್ಟಲ್ಪಡುತ್ತವೆ. ಪಟ್ಟಣದಲ್ಲಿ ಮಾತ್ರವಲ್ಲ, ನಮ್ಮ ಊರಿನ ಅಂಗಡಿಯ ಮುಂದೆಯೂ ಚರಂಡಿಯಲ್ಲಿಯೂ ಬಿದ್ದಿರುವ ಪೊಟ್ಟಣಗಳನ್ನು ನೋಡಿರಿ. ಕರ್ನಾಟಕ ಸರಕಾರದವರು ೨೦೧೬ ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಪ್ಲಾಸ್ಟಿಕ್ ಕೈಚೀಲ ಮೊದಲಾದವುಗಳನ್ನು ರಾಜ್ಯದಲ್ಲೆಲ್ಲಾ ನಿಷೇಧಿಸಿದರು. ಆದರೂ ಬಟ್ಟೆಯ ಚೀಲವನ್ನು ಹಿಡಿದು ಸಂತೆಗೆ ಹೋಗುವವರು ಎಷ್ಟು ಮಂದಿ?

೨. ಎರಡು ಹಳ್ಳಿಗಳ ವೃತ್ತಾಂತ

ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಆಚೆ, ಮಾವಳ್ಳಿಪುರ ಎಂಬ ಹಳ್ಳಿಯುಂಟು. ಪಟ್ಟಣದ ಕಸವನ್ನು ಬಹು ವರುಷಗಳ ಕಾಲ ಲಾರಿಗಳಲ್ಲಿ ತಂದು ಅಲ್ಲಿ ಸುರಿದರು. ಕೊಳೆತ ರಾಶಿಯಿಂದ ಕಪ್ಪಾದ ರಸವು ಇಳಿಯಿತು. ದುರ್ಗಂಧವೂ ನೊಣಗಳೂ ಹೆಚ್ಚಿದವು. ನೀರು ಕೆಟ್ಟಿತೆಂದು ಊರಿನವರು ಮೊರೆಯಿಟ್ಟರು. ಕಡೆಗೆ ೨೦೧೨ ನೆಯ ಇಸವಿಯ ಜುಲೈ ತಿಂಗಳಲ್ಲಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯವರು ಆ ಸ್ಥಳವನ್ನು ಮುಚ್ಚಬೇಕೆಂದು ಆಜ್ಞಾಪಿಸಿದರು. ಆಗ ಪಟ್ಟಣದ ಬೀದಿಬೀದಿಗಳಲ್ಲಿ ಕಸವು ರಾಶಿಯಾಗಿ ನಿಂತಿತು. ಅಷ್ಟು ದಿವಸ ಹಳ್ಳಿಯವರು ಸಹಿಸಿದ್ದ ವಾಸನೆಯು ಪಟ್ಟಣದವರ ಬಾಗಿಲಿಗೆ ಬಂದಿತು. ಅದೇ ವರುಷ ಅಕ್ಟೋಬರ್ ೧ ರಿಂದ ಮನೆಯಲ್ಲಿಯೇ ಕಸವನ್ನು ಬೇರ್ಪಡಿಸತಕ್ಕದ್ದೆಂದು ನಗರಪಾಲಿಕೆಯವರು ನಿಯಮಿಸಿದರು.

ಆದರೂ ನಿಯಮವು ಕಾಗದದ ಮೇಲೆ ಇದ್ದಷ್ಟು ಅಡಿಗೆಮನೆಯಲ್ಲಿ ಇರಲಿಲ್ಲ. ಲಾರಿಗಳು ಮೂಡಣ ದಿಕ್ಕಿನ ಮಂಡೂರಿಗೆ ಹೋಗುತ್ತಲೇ ಇದ್ದವು. ಅಲ್ಲಿ ಕಸವು ಗುಡ್ಡದ ಹಾಗೆ ಬೆಳೆಯಿತು. ೨೦೧೪ ನೆಯ ಇಸವಿಯ ಜೂನ್ ತಿಂಗಳಲ್ಲಿ ಮಂಡೂರಿನ ಜನರು ಲಾರಿಗಳನ್ನು ತಡೆದು ನಿಂತರು. ನವೆಂಬರ್ ತೀರಿದ ಮೇಲೆ ಕಸವನ್ನು ತರುವದಿಲ್ಲವೆಂದು ಸರಕಾರದವರು ಮಾತು ಕೊಟ್ಟರು. ಡಿಸೆಂಬರ್ ೧ ರಿಂದ ಲಾರಿಗಳು ನಿಂತವು. ಆದರೆ ಲಾರಿಗಳು ನಿಂತ ಮಾತ್ರಕ್ಕೆ ಗುಡ್ಡವು ಕರಗಲಿಲ್ಲ. ಪಟ್ಟಣದ ಕಸವಾದರೋ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಗಣಿಯ ಹಳ್ಳಗಳನ್ನು ಹುಡುಕಿಕೊಂಡು ಹೋಯಿತು. ಒಂದು ಹಳ್ಳಿಯು ಬಿಡುಗಡೆಯಾಗುವಾಗ ಮತ್ತೊಂದು ಹಳ್ಳಿಯು ಹೊರೆಯನ್ನು ಹೊರಬೇಕಾಯಿತು. ಜಯನಗರದ ಮನೆಯಲ್ಲಿ ಒಬ್ಬಳು ಅಜಾಗ್ರತೆಯಿಂದ ಕಟ್ಟಿ ಎಸೆದ ಚೀಲವು ತಾನು ಎಂದೂ ನೋಡದ ಹಳ್ಳಿಯ ಕೂಸಿನ ಕುಡಿಯುವ ನೀರಿಗೆ ಸೇರುವದಾದರೆ, ಅದನ್ನು ಚಿಕ್ಕ ತಪ್ಪೆಂದು ಹೇಳಬಹುದೇ?

೩. ಬೆರೆಸುವದರಿಂದ ಬರುವ ಕೇಡು

ಕಸದಲ್ಲಿರುವ ಕೇಡಿಗಿಂತ ಅದನ್ನು ಬೆರೆಸುವದರಲ್ಲಿರುವ ಕೇಡು ದೊಡ್ಡದು. ಹೇಗೆಂದರೆ, ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಡಿಗೆಮನೆಯ ಹಸಿ ಕಸವೇ. ಗಾಳಿಯಾಡುವಲ್ಲಿ ಇಟ್ಟರೆ ಅದು ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ರಾಶಿಯ ಅಡಿಯಲ್ಲಿ ಹೂತರೆ ಗಾಳಿಯಿಲ್ಲದೆ ಕೊಳೆತು, ಮೀಥೇನ್ ಎಂಬ ಉರಿಯುವ ಅನಿಲವನ್ನೂ ವಿಷಕರವಾದ ರಸವನ್ನೂ ಹುಟ್ಟಿಸುತ್ತದೆ. ಆ ಅನಿಲದಿಂದಲೇ ಕಸದ ರಾಶಿಗಳಿಗೆ ಬೆಂಕಿ ಹತ್ತುವದುಂಟು. ಇತ್ತ ಕಾಗದ, ರಟ್ಟು, ಹಾಲಿನ ಕವರುಗಳಿಗೆ ಮುಸುರೆ ತಗಲಿದರೆ ಗುಜರಿಯವನೂ ಅವುಗಳನ್ನು ಮುಟ್ಟುವದಿಲ್ಲ. ಹೀಗೆ ಎರಡು ಒಳ್ಳೆಯ ಪದಾರ್ಥಗಳು ಒಂದನ್ನೊಂದು ಕೆಡಿಸುತ್ತವೆ. ಇನ್ನು ಕೆಲವರು ಸಾಯಂಕಾಲ ಎಲ್ಲವನ್ನೂ ಗುಡ್ಡೆಮಾಡಿ ಸುಡುತ್ತಾರೆ. ಪ್ಲಾಸ್ಟಿಕ್ಕಿನ ಹೊಗೆಯು ಪುಪ್ಪುಸಗಳಿಗೆ ವಿಷವೇ; ಅದು ಮೊದಲು ಸೇರುವದು ಪಕ್ಕದಲ್ಲಿ ಆಡುವ ನಮ್ಮ ಮಕ್ಕಳ ಎದೆಯನ್ನೇ.

ಹೊಲಸಿನ ದೆಸೆಯಿಂದ ರೋಗ ಬರುವದನ್ನು ಬೆಂಗಳೂರು ಪೂರ್ವದಲ್ಲಿಯೂ ಕಂಡಿತ್ತು. ೧೮೯೮ ನೆಯ ಇಸವಿಯಲ್ಲಿ ಪ್ಲೇಗು ರೋಗವು ಅಲ್ಲಿಗೆ ಬಂದು ಬಹು ಜನರನ್ನು ಕೊಂದಿತು. ಕೊಳಕಿನಲ್ಲಿ ಇಲಿಗಳು ಹೆಚ್ಚುತ್ತವೆ, ಇಲಿಗಳ ಚಿಗಟಗಳಿಂದ ಆ ರೋಗವು ಹಬ್ಬುತ್ತದೆ. ಆ ಕಾಲದಲ್ಲಿಯೇ ಇಕ್ಕಟ್ಟಾದ ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರಗಳೆಂಬ ವಿಶಾಲವಾದ ಬಡಾವಣೆಗಳನ್ನು ಕಟ್ಟಿಸಿದರು.

೪. ಮೂರು ಪಾಲು ಮಾಡುವ ಕ್ರಮ

೨೦೧೫ ನೆಯ ಇಸವಿಯ ಡಿಸೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಬೆಂಗಳೂರಿನ ಮನೆಗಳವರಿಗೆ ಒಂದು ಸುಲಭವಾದ ಕ್ರಮವನ್ನು ವಿಧಿಸಿತು. ಎರಡು ಡಬ್ಬಿ, ಒಂದು ಚೀಲ, ಇಷ್ಟೇ.

ಹಸುರು ಡಬ್ಬಿಯಲ್ಲಿ ಹಸಿ ಕಸ: ತರಕಾರಿಯ ಸಿಪ್ಪೆ, ಮಿಕ್ಕ ಅನ್ನ, ಕಾಫಿಪುಡಿಯ ಚರಟ, ಬಾಡಿದ ಹೂವು, ಮೊಟ್ಟೆಯ ಸಿಪ್ಪೆ. ಇದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಬಾರದು.

ಚೀಲದಲ್ಲಿ ಒಣ ಕಸ: ಕಾಗದ, ರಟ್ಟು, ಸೀಸೆ, ತಗಡು, ಪ್ಲಾಸ್ಟಿಕ್. ಹಾಲಿನ ಕವರನ್ನು ತೊಳೆದು ಒಣಗಿಸಿ ಹಾಕತಕ್ಕದ್ದು.

ಕೆಂಪು ಡಬ್ಬಿಯಲ್ಲಿ ಮೈಗೆ ಸಂಬಂಧಪಟ್ಟ ಕಸ: ಡಯಾಪರು, ಹೆಂಗಸರು ಮುಟ್ಟಿನ ದಿನಗಳಲ್ಲಿ ಬಳಸಿದ ಪ್ಯಾಡು, ಗಾಯಕ್ಕೆ ಕಟ್ಟಿದ ಬಟ್ಟೆ. ಇವುಗಳನ್ನು ಹಳೆಯ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿದರೆ ಎತ್ತುವವರು ತಿಳಿದುಕೊಂಡು ಬರೀ ಕೈಯಿಂದ ಬಿಚ್ಚದೆ ಇರುವರು.

ಒಡೆದ ಗಾಜು, ಬ್ಲೇಡು, ಸೂಜಿಗಳನ್ನು ದಪ್ಪ ಕಾಗದದಲ್ಲಿ ಸುತ್ತಿ, ಬಾಯಿಂದ ಹೇಳಿಯೇ ಕೈಗೆ ಕೊಡಬೇಕು. ಬ್ಯಾಟರಿ, ಬಲ್ಬು, ಹಳೆಯ ಔಷಧಗಳನ್ನು ಬೇರೆಯಾಗಿಡಬೇಕು.

೫. ಗೊಬ್ಬರ ಮಾಡುವ ವಿಧಾನ

ಹಿತ್ತಿಲಿರುವವರಿಗೆ ಗುಂಡಿಯೇ ಸಾಕು. ಪಟ್ಟಣದಲ್ಲಿ ಇಕ್ಕಟ್ಟಾದ ಮನೆಯಲ್ಲಿರುವವರು ಮಣ್ಣಿನ ಮಡಕೆಗಳನ್ನು ಒಂದರ ಮೇಲೊಂದು ಇಟ್ಟು ಇದನ್ನು ಮಾಡುತ್ತಾರೆ. ಮಡಕೆಗೆ ಪಕ್ಕದಲ್ಲಿಯೂ ಅಡಿಯಲ್ಲಿಯೂ ತೂತುಗಳಿರಬೇಕು. ಮೊದಲು ಒಣಗಿದ ಎಲೆಗಳನ್ನು ಹಾಸಿರಿ. ದಿನದಿನದ ಸಿಪ್ಪೆಯನ್ನು ಚಿಕ್ಕದಾಗಿ ಕೊಯ್ದು ಹಾಕಿ, ಅದು ಕಾಣದಂತೆ ಒಣ ಎಲೆಯನ್ನಾಗಲಿ ತೆಂಗಿನ ನಾರಿನ ಪುಡಿಯನ್ನಾಗಲಿ ಮುಚ್ಚಿರಿ. ಆರಂಭದಲ್ಲಿ ಸ್ವಲ್ಪ ಹುಳಿಮಜ್ಜಿಗೆ ಇಲ್ಲವೆ ಸೆಗಣಿಯ ನೀರನ್ನು ಚಿಮುಕಿಸಿರಿ. ವಾರಕ್ಕೆ ಎರಡು ಸಾರಿ ಕೆದಕಿ ಗಾಳಿಯಾಡಿಸಿರಿ. ಹಿಂಡಿದ ಬಟ್ಟೆಯಲ್ಲಿರುವಷ್ಟು ತೇವವಿರಬೇಕು. ದುರ್ಗಂಧ ಬಂದರೆ ನೀರು ಹೆಚ್ಚಾಯಿತೆಂದು ತಿಳಿದು ಒಣ ಎಲೆಯನ್ನು ಬೆರೆಸಿರಿ. ಕಸವು ಒಣಗಿ ಹಾಗೆಯೇ ಉಳಿದರೆ ನೀರನ್ನು ಚಿಮುಕಿಸಿರಿ. ಮಡಕೆ ತುಂಬಿದ ಮೇಲೆ ಎರಡು ಮೂರು ತಿಂಗಳು ಬಿಟ್ಟರೆ ಅದು ಕಪ್ಪಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆಯುಳ್ಳದ್ದಾಗುವದು. ಅದೇ ಗೊಬ್ಬರ.

೬. ಕಸವನ್ನು ಮುಟ್ಟುವ ಕೈ

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರುಷಗಳ ಹಿಂದೆ ಬನಶಂಕರಿಯ ಕಡೆಯಲ್ಲಿರುವ ನೆಂಟರ ಮನೆಯಲ್ಲಿ ಇಳುಕೊಂಡಿದ್ದಾಗ, ನನ್ನ ಕೈಯಿಂದ ಒಂದು ಗಾಜಿನ ಲೋಟವು ಬಿದ್ದು ಒಡೆಯಿತು. ಚೂರುಗಳನ್ನು ಗುಡಿಸಿ ಮಿಕ್ಕ ಅನ್ನದ ಸಂಗಡ ಒಂದೇ ಚೀಲಕ್ಕೆ ಹಾಕಿ ಕಟ್ಟಿದೆನು. ಮಾರನೆಯ ಬೆಳಿಗ್ಗೆ ಕಸದ ಗಾಡಿಯ ಹೆಂಗಸು ಬೇರ್ಪಡಿಸುವದಕ್ಕಾಗಿ ಚೀಲದೊಳಗೆ ಕೈಹಾಕಿದಳು. ಬೆರಳು ಕೊಯ್ದು ರಕ್ತ ಸುರಿಯಿತು. ಆಕೆಯು ನನ್ನನ್ನು ಬೈಯಲಿಲ್ಲ. "ಅಯ್ಯಾ, ಗಾಜು ಅಂತ ಒಂದು ಮಾತು ಹೇಳಬಾರದಾಗಿತ್ತೇ?" ಎಂದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಈ ಕೆಲಸ ಮಾಡುವವರಲ್ಲಿ ಬಹು ಮಂದಿ ನಮ್ಮಂಥ ಹಳ್ಳಿಗಳಿಂದ ಹೊಟ್ಟೆಪಾಡಿಗಾಗಿ ಹೋದವರು. ಜಾತಿಯ ಹೆಸರಿನಲ್ಲಿ ತಲೆತಲಾಂತರದಿಂದ ದೂರವಿಡಲ್ಪಟ್ಟವರು. ಅವರನ್ನು ಪೌರಕಾರ್ಮಿಕರೆಂದು ಕರೆದು, ರಾಜ್ಯದಲ್ಲಿ ಸೆಪ್ಟೆಂಬರ್ ೨೩ ನ್ನು ಅವರ ದಿವಸವಾಗಿ ಆಚರಿಸುತ್ತಾರೆ. ಬೀದಿಯಲ್ಲಿ ಚಿಂದಿ ಆಯುವವರಿಗೆ ೨೦೧೧ ನೆಯ ಇಸವಿಯಿಂದ ನಗರಪಾಲಿಕೆಯವರು ಗುರುತಿನ ಚೀಟಿಗಳನ್ನು ಕೊಟ್ಟರು. ಹಸಿರು ದಳ ಎಂಬ ಸಂಸ್ಥೆಯ ಮೂಲಕ ಅವರಲ್ಲಿ ಅನೇಕರು ಒಣ ಕಸದ ಕೇಂದ್ರಗಳನ್ನು ತಾವೇ ನಡಿಸುವವರಾದರು. ಒಂದು ದಿವಸದ ಸನ್ಮಾನಕ್ಕಿಂತ ವರುಷವೆಲ್ಲಾ ಬೇರ್ಪಡಿಸಿ ಕೊಟ್ಟ ಕಸವೇ ಅವರಿಗೆ ನಿಜವಾದ ಮರ್ಯಾದೆ.

೭. ಆಕ್ಷೇಪಣೆಗಳಿಗೆ ಉತ್ತರ

"ನಾನು ಬೇರ್ಪಡಿಸಿದರೂ ಗಾಡಿಯವರು ಒಟ್ಟಿಗೆ ಸುರಿಯುತ್ತಾರಲ್ಲಾ" ಎಂದು ಕೆಲವರು ಹೇಳುತ್ತಾರೆ. ಹಾಗೆ ನಡೆಯುವದುಂಟು, ಅದನ್ನು ಮರೆಮಾಡಬಾರದು. ಆದರೆ ಬೆರೆತ ಕಸವನ್ನು ಕೊಟ್ಟವನಿಗೆ ಗಾಡಿಯವನನ್ನು ಕೇಳುವ ಬಾಯಿ ಎಲ್ಲಿಂದ ಬರುವದು? ಬೇರ್ಪಡಿಸಿ ಕೊಟ್ಟವನು ಮಾತ್ರ ಧೈರ್ಯವಾಗಿ ಕೇಳಬಲ್ಲನು. ಅಲ್ಲದೆ ಹಸಿ ಕಸವು ಮನೆಯಲ್ಲಿಯೇ ಗೊಬ್ಬರವಾದರೆ ಬೆರೆಸುವದಕ್ಕೆ ಏನು ಉಳಿಯುವದು?

"ಒಂದು ಮನೆಯಿಂದ ಏನಾದೀತು?" ಎಂಬುದು ಎರಡನೆಯ ಮಾತು. ಹನಿಗೂಡಿ ಹಳ್ಳವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಜಪಾನ್ ದೇಶದ ಬೆಟ್ಟಗಳ ನಡುವೆ ಕಮಿಕಾತ್ಸು ಎಂಬ ಚಿಕ್ಕ ಊರುಂಟು. ಏನೂ ವ್ಯರ್ಥವಾಗದಂತೆ ಮಾಡುವೆವೆಂದು ಅವರು ೨೦೦೩ ನೆಯ ಇಸವಿಯಲ್ಲಿ ನಿಶ್ಚಯಿಸಿದರು. ಅಲ್ಲಿಯವರು ಅಡಿಗೆಮನೆಯ ಕಸವನ್ನು ಮನೆಯಲ್ಲಿಯೇ ಗೊಬ್ಬರ ಮಾಡಿ, ಉಳಿದದ್ದನ್ನು ನಾಲ್ವತ್ತಕ್ಕಿಂತ ಹೆಚ್ಚು ಬಗೆಗಳಾಗಿ ವಿಂಗಡಿಸುವದನ್ನು ಕಲಿತರು. ಉಚ್ಚ ನ್ಯಾಯಾಲಯವು ೨೦೧೫ ರಲ್ಲಿ ವಿಧಿಸಿದ್ದು ಮೂರೇ.

"ದಂಡ ಹಾಕಿದರೆ ಎಲ್ಲರೂ ಸರಿಯಾಗುವರು" ಎಂಬುದು ಮೂರನೆಯ ಮಾತು. ೨೦೨೫ ನೆಯ ಇಸವಿಯ ಅಕ್ಟೋಬರಿನಲ್ಲಿ ಬೆಂಗಳೂರಿನ ಅಧಿಕಾರಿಗಳು ಬೀದಿಗೆ ಕಸ ಎಸೆದವರನ್ನು ಗುರುತಿಸಿ, ಅವರ ಬಾಗಿಲಲ್ಲಿಯೇ ಕಸವನ್ನು ತಂದು ಸುರಿಸಿ ದಂಡವನ್ನೂ ವಿಧಿಸಿದರು. ನಾಚಿಕೆಯಿಂದ ಕೆಲವರು ಎಚ್ಚತ್ತಿರಬಹುದು. ಆದರೆ ದಂಡಕ್ಕೆ ಹೆದರುವವನು ಯಾರೂ ನೋಡದಾಗ ತಿರಿಗಿ ಎಸೆಯುವನು. ನೆರೆಯವನ ಬಾವಿಯನ್ನು ನೆನಸುವವನು ಕತ್ತಲಲ್ಲಿಯೂ ಎಸೆಯಲಾರನು.

ಆದಕಾರಣ, ಪ್ರಿಯರೇ, ಈ ವಾರದಲ್ಲಿಯೇ ಆರಂಭಿಸಿರಿ. ಹೊಸ ಡಬ್ಬಿಯನ್ನು ಕೊಳ್ಳಬೇಕೆಂದಿಲ್ಲ. ಹಳೆಯ ಬಕೆಟ್ಟು, ತೂತಾದ ಕೊಡ, ಅಕ್ಕಿಯ ಚೀಲಗಳೇ ಸಾಕು. ಮದುವೆಯಲ್ಲಿಯೂ ಸಭೆಯ ಊಟದಲ್ಲಿಯೂ ಬಾಳೆಯೆಲೆಯನ್ನೇ ಹಾಕಿರಿ. ಪಟ್ಟಣಕ್ಕೆ ಕೆಲಸಕ್ಕೆ ಹೋಗುವ ಮಕ್ಕಳಿಗೆ ಈ ಕ್ರಮವನ್ನು ಕಲಿಸಿ ಕಳುಹಿಸಿರಿ.

ಕುಟುಂಬದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಿನ್ನೆ ನಮ್ಮ ಮನೆಯಿಂದ ಹೊರಟ ಕಸವು ಈಗ ಎಲ್ಲಿದೆ?
೨. ಮಾವಳ್ಳಿಪುರದವರೂ ಮಂಡೂರಿನವರೂ ಪಟ್ಟ ಬಾಧೆಗೆ ಮೂಲ ಕಾರಣವೇನು?
೩. ಹಸಿ ಕಸವನ್ನು ಪ್ಲಾಸ್ಟಿಕ್ಕಿನಲ್ಲಿ ಏಕೆ ಕಟ್ಟಬಾರದು?
೪. ನಮ್ಮ ಕಸವನ್ನು ಎತ್ತುವವರ ಹೆಸರು ನಮಗೆ ಗೊತ್ತಿದೆಯೇ?